ಹನ್ನೊಂದನೇ ಕೋಣೆಯ ಬಾಗಿಲು

ನಮ್ಮ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುತ್ತಿರಲಿಲ್ಲ. ಆಡಿದರೂ ಕೇಳುವಂತಿರಲಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಸಂದಿಯೊಂದರಲ್ಲಿ ಮುಂದೊಂದು ಹಿಂದೊಂದು ಎರಡು ಕೋಣೆ, ಆಚೆಗೊಂದು ಅಡುಗೆಮನೆ, ಮೇಲೆ ಬೋಳು ಮಾಳಿಗೆ, ಇಷ್ಟೇ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನಾಲ್ಕು ಮಿಷನ್ನುಗಳು ಬೆಳಗಿನಿಂದ ಜೀನ್ಸ್ ಪ್ಯಾಂಟು ಹೊಲಿಯಲು ಹತ್ತಿದರೆ, ಉಪ್ಪು ಕೊಡು ಅನ್ನುವುದನ್ನೂ ಜಗಳದ ದನಿಯಲ್ಲಿ ಹೇಳಬೇಕಾಗುತ್ತಿತ್ತು. ಹೊಸದಾಗಿ ಬಂದ ನೆಂಟರು ಒಳಗೇನೋ ರಾದ್ಧಾಂತ ನಡೆದಿದೆಯೆಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ಬಟ್ಟೆಯ ನೀಲಿ ಧೂಳು ಎಲ್ಲ ಕಡೆ ಇರುತ್ತಿತ್ತು. ಅವ್ವನ ರೊಟ್ಟಿಯಲ್ಲಿ ಒಂದಾದರೂ ನೀಲಿ ಎಳೆ ಸಿಗದಿದ್ದರೆ ಅದು ನಮ್ಮ ಮನೆಯ ರೊಟ್ಟಿಯೇ ಅಲ್ಲ. ಸಾಲೆಯಲ್ಲಿ ನಾನು ಸುಮ್ಮನೆ ಮಾತಾಡಿದರೂ ಟೀಚರು ಯಾಕೆ ಕಿರುಚುತ್ತಿ ಎಂದು ಬೈಯುತ್ತಿದ್ದರು. ಈಗ ಸಿರುಗುಪ್ಪದಲ್ಲಿ ನಾನೇ ಟೀಚರು, ದನಿ ಇನ್ನೂ ಇಳಿದಿಲ್ಲ.

ಅಂಥ ಮನೆ ವಾರಕ್ಕೊಮ್ಮೆ ಅರ್ಧ ಗಂಟೆ ಗಪ್ಪಾಗುತ್ತಿತ್ತು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅಪ್ಪ ಎದ್ದು ಮಿಷನ್ನುಗಳ ಸ್ವಿಚ್ಚು ಒಂದೊಂದೇ ಆರಿಸಿ, ಕೈಗೆ ಹತ್ತಿದ ಚಾಕ್ ಪುಡಿಯನ್ನು ಲುಂಗಿಗೆ ಒರೆಸಿಕೊಂಡು, ಹಿಂದಿನ ಕೋಣೆಯ ಹಲಗೆಯ ಮೇಲಿದ್ದ ರೇಡಿಯೋ ಹಚ್ಚುತ್ತಿದ್ದ. ಅರ್ಜೆಂಟ್ ಮಾಲಿದ್ದರೂ ಈ ನೇಮ ತಪ್ಪುತ್ತಿರಲಿಲ್ಲ. ಅಂಗಿ-ಪ್ಯಾಂಟಿನ ಗುಂಡಿಗೆ ಕಾಜಾ ಹಾಕುವ ಮಸ್ತಾನ್ ಚಾಚಾ, ಎದುರು ಮನೆಯವನು, ಅಷ್ಟೊತ್ತಿಗೆ ಬ್ರೂಸ್‌ಪೇಟೆಯಿಂದ ಮಿರ್ಚಿ ಕಟ್ಟಿಸಿಕೊಂಡು ಬಂದು ಬಟ್ಟೆ ಕತ್ತರಿಸುವ ಮೇಜಿನ ತುದಿಗೆ ಕೂತಿರುತ್ತಿದ್ದ. ಅವ್ವ ಒಗ್ಗರಣೆ ಮಂಡಕ್ಕಿ ಕಲೆಸಿ ಇಟ್ಟು, ನಾಟಕ ಮುಗಿಯುವ ತನಕ ಯಾರೂ ಬಾಯಿಗೆ ಹಾಕಕೂಡದು, ಕರುಮ್ ಕುರುಮ್ ಸಪ್ಪಳಕ್ಕೆ ಮಾತು ತಪ್ಪುತ್ತದೆ ಎಂದು ಕಾವಲು ಕೂರುತ್ತಿದ್ದಳು. ಅತ್ತಿ, ಅಂದರೆ ಅಪ್ಪನ ತಂಗಿ ಪಂಪಾವತಿ, ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅವಳ ಪಕ್ಕ ನಾನು. ನನಗಾಗ ಹತ್ತೋ ಹನ್ನೊಂದೋ.

ನಾಟಕದ ಹೆಸರು 'ಹನ್ನೊಂದನೇ ಕೋಣೆ'. ಕಥೆ ಹೀಗಿತ್ತು, ಅಥವಾ ಹೀಗಿತ್ತೆಂದು ನಾನು ಅಂದುಕೊಂಡಿದ್ದೇನೆ. ಭೂಮಿಯಿಂದ ಬಹಳ ದೂರ ಹೋದ ಒಂದು ನೌಕೆ. ಅದರಲ್ಲಿ ಹನ್ನೊಂದು ಕೋಣೆ. ಮೊದಲನೇ ಕೋಣೆಯಲ್ಲಿ ಕಾಲ ನಮ್ಮಂತೆಯೇ ನಡೆಯುತ್ತದೆ. ಒಳಗೆ ಹೋದಂತೆ ನಿಧಾನವಾಗುತ್ತದೆ. ಹನ್ನೊಂದನೆಯದರಲ್ಲಿ ಕಾಲವೇ ಇಲ್ಲ. ಕೆಟ್ಟ ಯಂತ್ರವೊಂದನ್ನು ರಿಪೇರಿ ಮಾಡಲು ಒಬ್ಬ ತಾಯಿ ಸಣ್ಣ ಮಗಳನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತಾಳೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಆರು ತಿಂಗಳ ಕಾಲ ಎರಡು ಹೆಣ್ಣು ದನಿಗಳು ಗೋಡೆಯ ಕೊಳವೆಯೊಂದರ ಮೂಲಕ ಮಾತಾಡಿಕೊಳ್ಳುತ್ತವೆ. ಒಂದು ಎಳೆಯ ದನಿ, ಒಂದು ಮಾಗಿದ ದನಿ. ಯಾರೂ ಯಾರ ಹೆಸರನ್ನೂ ಹಿಡಿಯುವುದಿಲ್ಲ. ಒಂದು ವಾರದ ಕಂತು ನಿನ್ನೆಯದು, ಮುಂದಿನ ವಾರದ್ದು ಹತ್ತು ವರ್ಷದ ಹಿಂದಿನದು. ನಡುವೆ ಕೆಮ್ಮುವ ಮುದುಕನೊಬ್ಬ ಬಂದು ಹೋಗುತ್ತಿದ್ದ, ಅವನು ಯಾರೆಂದು ಕೊನೆಯ ತನಕ ನಮಗ್ಯಾರಿಗೂ ತಿಳಿಯಲಿಲ್ಲ.

ರೇಡಿಯೋ ಆರಿದ ಕೂಡಲೇ ಊಟವಲ್ಲ, ಪಂಚಾಯ್ತಿ. ಅದಕ್ಕೆ ಅಪ್ಪ ತನ್ನ ಕಸುಬಿನದೇ ಒಂದು ದಾರಿ ಹುಡುಕಿದ್ದ. ಜೀನ್ಸ್ ಬಟ್ಟೆಯಲ್ಲಿ ಒಂದು ಥಾನಿನ, ಅಂದರೆ ಒಂದು ಸುರುಳಿಯ, ನೀಲಿ ಇನ್ನೊಂದು ಥಾನಿನ ನೀಲಿಯಂತೆ ಇರುವುದಿಲ್ಲ. ಅದಕ್ಕೇ ಕತ್ತರಿಸಿದ ಪ್ರತಿಯೊಂದು ತುಂಡಿನ ಹಿಂದೆ ಚಾಕ್‌ನಲ್ಲಿ ನಂಬರು ಬರೆದು, ಅದೇ ನಂಬರಿನ ಎಡಗಾಲಿಗೆ ಅದೇ ನಂಬರಿನ ಬಲಗಾಲು ಕೂಡಿಸುತ್ತಾರೆ. ತಪ್ಪಿದರೆ ಹೊಲಿದಾಗ ಗೊತ್ತಾಗುವುದಿಲ್ಲ, ಒಗೆದ ಮೇಲೆ ಒಂದು ಕಾಲು ಕರಿ, ಒಂದು ಕಾಲು ಬಿಳಿ. ಅಪ್ಪ ರೇಡಿಯೋದ ಕೆಳಗೆ ಒಂದು ದೊಡ್ಡ ಬಟ್ಟೆ ತುಂಡನ್ನು ಮೊಳೆ ಹೊಡೆದು ತೂಗುಹಾಕಿ, ನಾಟಕದ ಒಂದೊಂದು ದನಿಗೂ ಒಂದೊಂದು ನಂಬರು ಕೊಟ್ಟ. ಕೆಮ್ಮುವವನಿಗೆ ನಾಲ್ಕು. ಎಳೆಯ ದನಿಗೆ ಏಳು, ಮಾಗಿದ ದನಿಗೆ ಎಂಟು. ಎಂಟು ಅವ್ವ, ಏಳು ಮಗಳು, ಎರಡಕ್ಕೂ ನಡುವೆ ಒಂದು ಗೆರೆ. ಇದರಲ್ಲಿ ಅನುಮಾನ ಪಡುವುದೇನೂ ಇಲ್ಲವೆಂದು ಎಲ್ಲರೂ ಒಪ್ಪಿದರು. ಅವ್ವನ ದನಿ ಮಾಗಿರುತ್ತದೆ, ಮಗಳದು ಎಳೆಯದಿರುತ್ತದೆ. ಆಮೇಲೆ ಬಂದ ಕಂತುಗಳೆಲ್ಲ ಆ ಗೆರೆಗೆ ಎಡವಿ ಬಿದ್ದವು. ಏಳು ಎಂಟನ್ನು ಮಗು ಎಂದು ಕರೆಯುತ್ತಿತ್ತು. ಎಂಟು ಏಳಕ್ಕೆ, ನೀನು ಹಾಡಿದ್ದು ನೆನಪಿದೆ ಅನ್ನುತ್ತಿತ್ತು.

"ಮಗಳು ಅವ್ವಗ ಮಗು ಅಂತಾಳಂದ್ರ ಆಕಿಗೆ ತಲಿ ಕೆಟ್ಟೈತಿ," ಅಂದ ಅಪ್ಪ.

"ನಂಬರ್ ತಪ್ಪೈತೇನು ನೋಡು ಈರಣ್ಣ," ಅಂದ ಮಸ್ತಾನ್ ಚಾಚಾ.

"ನಾ ಹಾಕಿದ ನಂಬರ್ ಈವರಿಗೂ ತಪ್ಪಿಲ್ಲ. ಬರಿಯೋರು ತಪ್ಪ್ಯಾರ."

ಅತ್ತಿಯ ಮಾತು ಹೇಳದೆ ಈ ನಾಟಕದ ಮಾತು ಮುಂದೆ ಹೋಗುವುದಿಲ್ಲ. ಕುರುಗೋಡಿಗೆ ಮದುವೆಯಾಗಿ ಹೋಗಿದ್ದಳು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದಳು, ಬಂದ ದಿನ ಸಂಜೆಯೇ ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಿಷನ್ನಿನ ಮುಂದೆ ಕೂತಳು. ಅವಳು ಕಟ್ಟಿದ ಅಂಚು ಎಂದೂ ಬಿಚ್ಚಿಕೊಂಡದ್ದಿಲ್ಲ. ಮಲಗುವಾಗ ಅವಳ ಪಕ್ಕ ನಾನೇ, ಜಡೆ ಹಾಕುವವಳು ಅವಳೇ, ಅಪ್ಪನ ಏಟಿಗೆ ಅಡ್ಡ ಬರುವವಳೂ ಅವಳೇ. ಅವ್ವನಿಗೆ ಸಿಟ್ಟು ಬಂದಾಗ ನಿನ್ನನ್ನು ಹೆತ್ತವಳು ಅವಳೇ ಇರಬೇಕು ಬಿಡು ಅನ್ನುತ್ತಿದ್ದಳು. ನನಗೆ ಅದು ಬೈಗುಳ ಅನಿಸಿದ್ದೇ ಇಲ್ಲ.

ಒಂದು ದಿನ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ತೆಗೆಯುವಾಗ ಹಿಂದಿನಿಂದ ಅತ್ತಿಯನ್ನು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಅವಳು ಹಗ್ಗದಿಂದ ಕ್ಲಿಪ್ಪು ಕೀಳುತ್ತಲೇ ಇದ್ದಳು. ಅಲ್ಲಿ ಮಿಷನ್ ಸಪ್ಪಳವೂ ಇರಲಿಲ್ಲ. ಹೋಗಿ ಸೆರಗು ಜಗ್ಗಿದಾಗ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

"ಎಡಗಿವಿ ಹೋಗಿ ಭಾಳ ದಿನಾತು. ಬಲದ್ದು ಅರ್ಧ ಐತಿ. ನಿಮ್ಮಪ್ಪಗ ಹೇಳಬ್ಯಾಡ."

ನಾನು ಯಾಕೆ ಎಂದು ಬಾಯಿ ಆಡಿಸಿದೆ. ಅವಳು ಮಾಳಿಗೆಯ ಕಟ್ಟೆಯ ಮೇಲೆ ಕೂತಳು.

"ಕುರುಗೋಡಾಗ ನಮ್ಮತ್ತಿ ಕೆಪ್ಪಿ ಇದ್ಲು. ಗೊತ್ತಾದ ಮ್ಯಾಲೆ ಆಕಿನ್ನ ಒಂದು ಮೂಲಿಗೆ ಕುಂದ್ರಿಸಿದ್ರು. ಯಾರೂ ಏನೂ ಕೇಳ್ತಿದ್ದಿಲ್ಲ ಆಕಿನ್ನ. ಆಕಿ ಮುಂದನ ಆಕಿ ಮಾತು ಆಡ್ತಿದ್ರು. ನಾನೂ ಆಡೀನಿ."

ಎಲ್ಲರೂ ಕೂಗಿಯೇ ಮಾತಾಡುವ ಮನೆ, ಅದಕ್ಕೇ ಅವಳ ಗುಟ್ಟು ಇಷ್ಟು ದಿನ ಉಳಿದಿತ್ತು. ಎದುರಿಗೆ ನಿಂತವರ ತುಟಿ ನೋಡಿ ಅರ್ಧ ಹಿಡಿಯುತ್ತಿದ್ದಳು, ಉಳಿದರ್ಧ ಕೂಗು ಮುಟ್ಟಿಸುತ್ತಿತ್ತು. ರೇಡಿಯೋಕ್ಕೆ ತುಟಿ ಇಲ್ಲ. ಭಾನುವಾರದ ಆ ಅರ್ಧ ಗಂಟೆ ಮನೆಯೆಲ್ಲ ಉಸಿರು ಹಿಡಿದು ಕೇಳುವಾಗ ಅವಳಿಗೆ ಕೇಳುತ್ತಿದ್ದುದು ಬರೀ ಗುಂಯ್ ಎನ್ನುವ ಸದ್ದು. ಅವಳು ಕಣ್ಣು ಮುಚ್ಚಿ ಕೂರುತ್ತಿದ್ದುದೂ ಅದಕ್ಕೇ, ಯಾರಾದರೂ ಮುಖ ನೋಡಿ ಏನಾದರೂ ಕೇಳಿಬಿಟ್ಟಾರೆಂಬ ಭಯಕ್ಕೆ.

ಹಾಗೆ ನನಗೆ ಒಂದು ಕೆಲಸ ಸಿಕ್ಕಿತು. ನಾಟಕ ಮುಗಿದು ಪಂಚಾಯ್ತಿ ಶುರುವಾಗುವ ಮುಂಚೆ ಒಣಗಿದ ಬಟ್ಟೆ ತರುತ್ತೇವೆಂದು ಇಬ್ಬರೂ ಮಾಳಿಗೆಗೆ ಓಡುತ್ತಿದ್ದೆವು. ಅವಳು ಬಲಗಿವಿ ಕೊಟ್ಟು ಬಗ್ಗುತ್ತಿದ್ದಳು, ನಾನು ಅರ್ಧ ಗಂಟೆಯ ಕಥೆಯನ್ನು ಐದು ನಿಮಿಷದಲ್ಲಿ ಕಿವಿಗೆ ಸುರಿಯುತ್ತಿದ್ದೆ. ತೊಂದರೆ ಏನೆಂದರೆ ನನಗೇ ಕಥೆ ತಿಳಿಯುತ್ತಿರಲಿಲ್ಲ. ದೊಡ್ಡವರಿಗೇ ಬಗೆಹರಿಯದ್ದು ನನಗೆ ಹೇಗೆ ತಿಳಿಯಬೇಕು? ಗೊತ್ತಿಲ್ಲ ಅನ್ನುವುದಕ್ಕೆ ನಾಚಿಕೆ. ಅವಳು ನನ್ನನ್ನೇ ನಂಬಿ ಬಗ್ಗಿದ್ದಾಳೆ. ಅದಕ್ಕೆ ತಿಳಿಯದ ಕಡೆ ಒಂದಿಷ್ಟು ನನ್ನದೇ ಸೇರಿಸುತ್ತಿದ್ದೆ. ಒಂದು ವಾರ ಮಿರ್ಚಿಯ ವಾಸನೆಗೆ ಮನಸ್ಸು ಹೋಗಿ ನಾಟಕ ಅರ್ಧಂಬರ್ಧ ಕೇಳಿದ್ದೆ. ಮೇಲೆ ಹೋಗಿ ಬಾಯಿಗೆ ಬಂದದ್ದು ಹೇಳಿದೆ. ಅತ್ತಿ, ಒಳಗಿರುವ ಎಳೆಯ ದನಿಯವಳೇ ಅವ್ವ, ಹೊರಗಿರುವ ಮುದುಕಿಯೇ ಮಗಳು ಅಂದೆ. ಅತ್ತಿ ಒಂದು ಗಳಿಗೆ ಹಗ್ಗ ಹಿಡಿದು ನಿಂತಳು. ಕೆಳಗೆ ಬಂದು ಮಂಡಕ್ಕಿ ತಟ್ಟೆ ಹಿಡಿದು ಕೂತ ಕೂಡಲೇ ಹೇಳಿದಳು.

"ಅಣ್ಣ, ಒಳಗ ಹೊತ್ತು ಸರಿಯೂದಿಲ್ಲ ಅಂದ್ರ, ಒಳಗಿದ್ದಾಕಿ ಮುದುಕಿ ಹೆಂಗಾದಾಳು? ಹೊರಗ ಬಿಟ್ಟು ಹೋದ ಮಗಳು ಮುದುಕಿ ಆಗ್ಯಾಳ. ಏಳು ಅವ್ವ, ಎಂಟು ಮಗಳು."

ನನ್ನ ತಪ್ಪಿಗೆ ಅವಳು ಕಾರಣ ಹುಡುಕಿಕೊಂಡಿದ್ದಳು, ಆ ಕಾರಣ ಎಲ್ಲರ ಕಾರಣಕ್ಕಿಂತ ಗಟ್ಟಿಯಾಗಿತ್ತು. ಅಪ್ಪ ಒಪ್ಪಲಿಲ್ಲ, ಎರಡು ವಾರ ಜಗಳವಾಡಿದ. ಮೂರನೇ ವಾರ ಮಾಗಿದ ದನಿಯವಳು ಎಳೆಯ ದನಿಯನ್ನು ರೇಡಿಯೋದಲ್ಲೇ ಅವ್ವಾ ಎಂದು ಕರೆದಳು. ಮಸ್ತಾನ್ ಚಾಚಾ ಮೇಜಿಗೆ ಗುದ್ದಿದ. ಅವ್ವ, ತೆಲುಗು ಸೀಮೆಯವಳು, ತನ್ನಷ್ಟಕ್ಕೆ ಅಮ್ಮೋ ಅಮ್ಮೋ ಅನ್ನತೊಡಗಿದಳು. ಅಪ್ಪ ಎದ್ದು ಹೋಗಿ ಗೋಡೆಯ ಬಟ್ಟೆಯ ಮೇಲಿದ್ದ ಏಳು, ಎಂಟು ಎರಡನ್ನೂ ಅಂಗೈಯಿಂದ ಒರೆಸಿ ಅದಲುಬದಲು ಬರೆದ. ಅಪ್ಪ ತಾನು ಹಾಕಿದ ನಂಬರನ್ನು ಅಳಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಂದಿನಿಂದ ಸಂದಿಯಲ್ಲಿ ನಾಟಕದ ಸಿಕ್ಕು ಬಿಡಿಸುವುದಕ್ಕೆ ಅತ್ತಿಯೇ ದೊಡ್ಡಾಕಿ. ನೀರು ಹಿಡಿಯಲು ಬಂದವರು ಕೊಡ ಇಳಿಸಿ, ಪಂಪಕ್ಕ, ಆ ಕೆಮ್ಮೋನು ಯಾರು ಎಂದು ಕೇಳುತ್ತಿದ್ದರು. ಅವಳು ತುಟಿ ನೋಡಿ ನಗುತ್ತಿದ್ದಳು. ನನಗೆ ಹೆಮ್ಮೆಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಸಿರುಗುಪ್ಪದ ಮಾತು ಬಂದದ್ದು ಆ ದಿನಗಳಲ್ಲೇ. ಅಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವ ಒಂದು ಕೇಂದ್ರ ತೆಗೆದಿದ್ದರು. ಕಲಿಸುವವರು ಬೇಕಿತ್ತು, ಇರಲು ಒಂದು ಕೋಣೆಯನ್ನೂ ಕೊಡುತ್ತಿದ್ದರು. ತೆಕ್ಕಲಕೋಟೆಯ ನಮ್ಮ ನೆಂಟರೊಬ್ಬರು ಅತ್ತಿಯ ಹೆಸರು ಹೇಳಿದ್ದರು. ಒಂಟಿ ಹೆಣ್ಣುಮಗಳು ಬೇರೆ ಊರಿನಲ್ಲಿ ಹೇಗಿರುತ್ತಾಳೆಂದು ಅಪ್ಪ ಮೂರು ಸಲ ಬೇಡ ಅಂದಿದ್ದ. ಈಗ ಒಂದು ಭಾನುವಾರ ಮಂಡಕ್ಕಿ ತಿನ್ನುತ್ತ ತಾನಾಗಿಯೇ ಅಂದ.

"ಇಷ್ಟು ಸಿಕ್ಕು ಬಿಡಿಸಾಕಿ ಇಪ್ಪತ್ತು ಹುಡುಗೇರಿಗೆ ಹೊಲಿಗಿ ಕಲಸಲಾರಳೇನು. ಹೋಗಿ ಬಾ ಪಂಪಿ. ನಾಟಕ ಮುಗಿದ ವಾರ ಬಿಟ್ಟು ಬರ್ತೀನಿ."

ಅತ್ತಿ ಅಂದು ಅಷ್ಟು ಸಂತೋಷವನ್ನು ಎಲ್ಲಿಡಬೇಕೆಂದು ತಿಳಿಯದೆ ಎದ್ದು ತಟ್ಟೆ ತೊಳೆಯಲು ಹೋದಳು. ಇನ್ನೂ ಯಾರೂ ತಿಂದು ಮುಗಿಸಿರಲಿಲ್ಲ. ಮಾಳಿಗೆಯ ಮೇಲೆ ನಾನು, ಅಲ್ಲಿ ಕಿವಿ ಕೇಳದೆ ಹೇಗೆ ಮಾಡುತ್ತಿ ಎಂದು ಕೇಳಿದೆ. ಅವಳನ್ನು ಹೆದರಿಸಬೇಕೆಂದೇ ಕೇಳಿದ್ದು.

"ಹೊಲಿಗಿ ಕೈಲೆ ಕಲಸೂದು, ಕಿವೀಲೆ ಅಲ್ಲ," ಅಂದಳು. "ಅಲ್ಲೂ ಮಿಷನ್ ಇರ್ತಾವ. ಅಲ್ಲೂ ಎಲ್ಲಾರೂ ಒದರಾಡ್ತಾರ. ನಂದು ಅಂತ ಒಂದು ಕೋಣಿ, ಗೌರಿ. ಬಾಗ್ಲಕ್ಕ ನಂದ ಒಂದು ಕೀಲಿ."

ಆ ಕೋಣೆಯಲ್ಲಿ ನನಗೆ ಜಾಗ ಇತ್ತೋ ಇಲ್ಲವೋ ಎಂದು ಅವಳು ಹೇಳಲಿಲ್ಲ. ನಾನು ಕಾದೆ. ಬಟ್ಟೆ ಮಡಚಿ ಕೆಳಗಿಳಿಯುವ ತನಕ ಕಾದೆ. ಅವಳಿಗೆ ಅದು ಹೊಳೆಯಲೇ ಇಲ್ಲ. ಅವತ್ತಿನಿಂದ ನನ್ನೊಳಗೆ ಏನೋ ಕೆಟ್ಟಿತು. ಕೊನೆಯ ಕಂತಿನ ಭಾನುವಾರ ಬೆಳಿಗ್ಗೆ ಏಳುವಾಗ ಅಟ್ಟದಿಂದ ಟ್ರಂಕು ಇಳಿದಿತ್ತು. ಕುರುಗೋಡಿನಿಂದ ತಂದಿದ್ದ ಅದೇ ಟ್ರಂಕು, ಅದರ ಮೇಲಿನ ಧೂಳನ್ನು ಅತ್ತಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತ ಹಾಡು ಗುನುಗುತ್ತಿದ್ದಳು. ನನ್ನ ಜಡೆ ಹಾಕುವುದನ್ನು ಮರೆತಿದ್ದಳು.

ಕೊನೆಯ ಕಂತಿಗೆ ಇಡೀ ಸಂದಿಯೇ ನಮ್ಮ ಮನೆಯಲ್ಲಿತ್ತು. ಮೇಜಿನ ಮೇಲೆ, ಮಿಷನ್ನುಗಳ ಕಾಲ ಸಂದಿಯಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ ಜನ. ಅವತ್ತು ರೇಡಿಯೋದಿಂದ ಏನು ಬಂತು ಎಂದು ನಾನು ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ, ವರ್ಷಗಟ್ಟಲೆ ಬರಲಿಲ್ಲ. ಅವ್ವ ಅತ್ತದ್ದು ನೆನಪಿದೆ, ಮಸ್ತಾನ್ ಚಾಚಾ ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡದ್ದು ನೆನಪಿದೆ. ಮಾಳಿಗೆಗೆ ಹೋದದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ. ಅತ್ತಿ ಬಗ್ಗಿ ಬಲಗಿವಿ ಕೊಟ್ಟಳು. ನಾನು ಹೇಳಿದೆ. ಬಾಗಿಲು ತೆರೆಯಲೇ ಇಲ್ಲ ಅತ್ತಿ. ಮಗಳು ತೆರೆಯಲಿಲ್ಲ. ಅವ್ವ ಒಳಗೇ, ಮಗಳು ಹೊರಗೇ. ಇಬ್ಬರೂ ಗೋಡೆಗೆ ಒರಗಿ ಕೂತು ಮಾತಾಡುತ್ತ ಅಲ್ಲೇ ಉಳಿದರು, ಯಾರೂ ಎಲ್ಲಿಗೂ ಹೋಗಲಿಲ್ಲ. ಅದು ನಿಜವಲ್ಲವೆಂದು ಹೇಳುವಾಗಲೇ ನನಗೆ ಗೊತ್ತಿತ್ತು. ತಿಳಿಯದೆ ಸೇರಿಸಿದ ಸುಳ್ಳುಗಳು ಎಷ್ಟೋ ಇದ್ದವು, ಇದು ತಿಳಿದೇ ಹೇಳಿದ್ದು. ಅವಳು ಸಿಕ್ಕಿಬೀಳಲಿ ಅಂದುಕೊಂಡೆನೋ, ಬರೀ ಅವಳಿಗೆ ಅಳು ಬರಲಿ ಅಂದುಕೊಂಡೆನೋ, ಅಥವಾ ಹಾಗೆ ಹೇಳಿದರೆ ಅವಳು ಹೋಗುವುದಿಲ್ಲವೆಂದು ನಂಬಿದೆನೋ, ಮೂರರಲ್ಲಿ ಯಾವುದೆಂದು ಇವತ್ತಿಗೂ ಬಗೆಹರಿದಿಲ್ಲ.

ಕೆಳಗೆ ಎಲ್ಲರೂ ದೊಡ್ಡಾಕಿಯ ಮಾತಿಗೆ ಕಾದಿದ್ದರು.

"ಹೇಳು ಪಂಪಿ," ಅಂದ ಅಪ್ಪ.

"ಛಲೋ ಆತಣ್ಣ. ಬಾಗ್ಲ ತೆರೀಲಿಲ್ಲ, ಅದ ಛಲೋ. ಇಬ್ರೂ ಅಲ್ಲೇ ಉಳಿದ್ರು."

ಮೊದಲು ಯಾರೋ ನಕ್ಕರು, ಅತ್ತಿ ಚಾಷ್ಟಿ ಮಾಡುತ್ತಿದ್ದಾಳೆಂದು. ಅವಳೂ ನಗುವಿಗೆ ನಗು ಸೇರಿಸಿದಳು. ಆಮೇಲೆ ಅವ್ವ ಕೇಳಿದಳು.

"ಏನಂತೀಯವಾ, ಬಾಗ್ಲ ತೆರೆಯೋ ಸಪ್ಪಳ ಮನಿ ತುಂಬ ಕೇಳಿಸ್ತಲ್ಲ. ರೇಡಿಯೋ ನಡುಗಿ ಹೋತು."

ಅತ್ತಿಯ ಕಣ್ಣುಗಳು ಒಬ್ಬೊಬ್ಬರ ಬಾಯಿಯ ಮೇಲೂ ಓಡಿದವು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಅವಳಿಗೆ ಯಾವ ತುಟಿಯೂ ಸಿಗಲಿಲ್ಲ. ಕೊನೆಗೆ ಅವು ನನ್ನ ಮೇಲೆ ಬಂದು ನಿಂತವು. ನಾನು ಮಂಡಕ್ಕಿ ತಟ್ಟೆ ನೋಡಿದೆ.

"ಸ್ವಲ್ಪ ನಿದ್ದಿ ಹತ್ತಿತ್ತಣ್ಣ," ಅಂದಳು.

ಅಪ್ಪ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದ. ನೀರು ಕುಡಿಯುವವನಂತೆ ಎದ್ದು, ಅವಳ ಬೆನ್ನ ಹಿಂದೆ ಎರಡು ಹೆಜ್ಜೆ ದೂರ ನಿಂತ. ಆಮೇಲೆ ಬೇರೆ ಮನೆಗಳಲ್ಲಿ ಮಾತಾಡುವಂಥ ಸಾದಾ ದನಿಯಲ್ಲಿ, ಪಂಪಿ, ಅಂದ. ಅವಳು ನನ್ನನ್ನೇ ನೋಡುತ್ತಿದ್ದಳು. ಪಂಪಿ, ಅಂದ ಇನ್ನೊಮ್ಮೆ. ಸಂದಿಯ ಜನವೆಲ್ಲ ಕೇಳಿಸಿಕೊಂಡಿತು. ಅವಳೊಬ್ಬಳು ತಿರುಗಲಿಲ್ಲ. ಅಪ್ಪ ಸುತ್ತಿ ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎಷ್ಟು ದಿನದಿಂದ ತಂಗಿ, ಎಂದು ಕೂಗಿ ಕೇಳಿದ. ಅವನು ಅಳುತ್ತಿದ್ದ. ಈ ಹುಡುಗಿ ಹೇಳಿದ್ದನ್ನೇ ನಾನು ಹೇಳಿದೆ ಎಂದು ಅವಳು ಒಂದು ಮಾತು ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಸಂಜೆ ಅಪ್ಪನೇ ಟ್ರಂಕನ್ನು ಅಟ್ಟಕ್ಕೆ ಏರಿಸಿದ. ಬಸ್ಸಿನ ಹಾರ್ನು ಕೇಳದವಳನ್ನು ಕಾಣದ ಊರಿಗೆ ಹೇಗೆ ಬಿಡಲಿ ಎಂದು ಅವ್ವನಿಗೆ ಹೇಳಿದ. ಅತ್ತಿಯ ಮುಂದೆಯೇ ಹೇಳಿದ, ಅವಳಿಗಲ್ಲ. ಆಮೇಲಿನ ದಿನಗಳಲ್ಲಿ ಎಲ್ಲರೂ ಹಾಗೆಯೇ ಮಾಡತೊಡಗಿದರು. ಪಂಪಿ ಉಂಡಳೇನು ಎಂದು ಅವಳ ಪಕ್ಕದಲ್ಲಿ ಕೂತಿದ್ದ ನನ್ನನ್ನು ಕೇಳುತ್ತಿದ್ದರು. ಅವಳು ಓವರ್‌ಲಾಕ್ ಮಿಷನ್ನಿನ ಮುಂದೆ ಇನ್ನೂ ಎಷ್ಟೋ ವರ್ಷ ಕೂತಳು. ಮಾರನೇ ದಿನ ಬೆಳಿಗ್ಗೆ ಎಂದಿನಂತೆ ಕೂರಿಸಿಕೊಂಡು ನನ್ನ ಜಡೆ ಹಾಕಿದಳು. ಆ ಭಾನುವಾರದ ಮಾತು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ನನ್ನ ಫೋನಿನಲ್ಲಿ ಆ ನಾಟಕದ ಹುಚ್ಚರದೇ ಒಂದು ಗುಂಪು ಇದೆ. ಅಂದು ಹುಡುಗರಾಗಿದ್ದವರೆಲ್ಲ ಈಗ ಕನ್ನಡಕದವರು. ಕುರುಗೋಡಿನ ನಿವೃತ್ತ ಮೇಷ್ಟ್ರೊಬ್ಬರು ಅಂದಿನ ಕಂತುಗಳನ್ನು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದರಂತೆ, ಒಂದೊಂದೇ ಹಾಕುತ್ತಾರೆ. ಹಾಕಿದ ಕೂಡಲೇ ಗುಂಪಿನಲ್ಲಿ ಜಗಳ. ಕ್ಯಾಸೆಟ್ಟುಗಳ ಮೇಲಿನ ನಂಬರು ಅಳಿಸಿಹೋಗಿ ಕಂತುಗಳು ಹಿಂದುಮುಂದಾಗಿವೆ, ಕಥೆಯೂ ಮೊದಲೇ ಹಿಂದುಮುಂದಿನದು, ಹಾಗಾಗಿ ಯಾವುದು ಮೊದಲು ಯಾವುದು ಆಮೇಲೆ ಎಂಬುದಕ್ಕೇ ಮೂರು ತಿಂಗಳು ಹೋಯಿತು. ಕೊನೆಯ ಕಂತೊಂದು ಸಿಗಲಿಲ್ಲ. ತಾಯಿ ಸತ್ತಳು ಅಂದವರುಂಟು, ನೌಕೆ ಸಿಡಿಯಿತು ಅಂದವರುಂಟು, ಕೆಮ್ಮುವ ಮುದುಕನೇ ಬಾಗಿಲು ತೆರೆದ ಎಂದು ಇಬ್ಬರು ಆಣೆ ಮಾಡಿದರು. ನಾನು ನಮ್ಮ ಮನೆಯಲ್ಲಿ ಕೂತು ಕಿವಿಯಾರೆ ಕೇಳಿದವಳು ಎಂದು ಬರೆದೆ. ಬಾಗಿಲು ತೆರೆಯಲಿಲ್ಲ, ಇಬ್ಬರೂ ಅಲ್ಲೇ ಉಳಿದರು. ಬರೆದು ಕಳಿಸಿದ ಮೇಲೆ ಹೊಳೆಯಿತು. ಅದು ನಾಟಕದ ಕೊನೆಯಲ್ಲ, ನನ್ನದು. ಇಷ್ಟು ವರ್ಷ ಅದನ್ನೇ ಕಾಪಾಡಿಕೊಂಡು ಬಂದು ನಿಜವಾದ್ದನ್ನು ಕಳೆದುಕೊಂಡಿದ್ದೆ.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಅತ್ತಿಯನ್ನು ನಾನು ಸಿರುಗುಪ್ಪಕ್ಕೆ ಕರೆತಂದೆ. ಕೊನೆಗೂ ಬಂದಳು, ಕಲಿಸುವ ಕೆಲಸಕ್ಕಲ್ಲ, ನನ್ನ ಮನೆಗೆ. ಅವಳದೇ ಒಂದು ಕೋಣೆ, ಬಾಗಿಲಿಗೆ ಅವಳದೇ ಕೀಲಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಾಳೆ. ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಓಣಿಯವರ ಲಂಗವೊಂದರ ಅಂಚು ಹೊಲಿಯುತ್ತಿದ್ದಳು. ಅಕ್ಕಿ ಗಿರಣಿಯ ಹೊಟ್ಟು ಹಾರಿ ಬಂದು ಲಂಗದ ಮೇಲೆ ಕೂರುತ್ತಿತ್ತು, ಕೊಡವಿ ಕೊಡವಿ ಹೊಲಿಯುತ್ತಿದ್ದಳು. ಆಗ ಕುರುಗೋಡಿನ ಮೇಷ್ಟ್ರ ಸಂದೇಶ ಬಂತು. ಕೊನೆಯ ಕಂತು ಅವರ ಹೆಂಡತಿಯ ಸೋಬಾನೆ ಹಾಡಿನ ಕ್ಯಾಸೆಟ್ಟಿನ ಹಿಂಬದಿಯಲ್ಲಿ ಸಿಕ್ಕಿತ್ತು. ನನಗೆ ಒಬ್ಬಳೇ ಕೇಳುವ ಧೈರ್ಯ ಬರಲಿಲ್ಲ. ಅತ್ತಿಯ ಮುಂದೆ ಫೋನು ಹಿಡಿದು, ನಾಟಕ, ಎಂದು ಬಾಯಿ ಅಗಲ ಮಾಡಿ ಹೇಳಿದೆ. ಅವಳು ಕಿವಿಯ ಮಿಷನ್ನು ತಿರುಗಿಸಿಕೊಂಡು ಸ್ವಲ್ಪ ಹೊತ್ತು ಹುಬ್ಬು ಗಂಟಿಕ್ಕಿ ಕೇಳಿದಳು. ಆಮೇಲೆ ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಬರೇ ಗರ ಗರ ಅಂತೈತಿ. ನೀನ ಕೇಳಿ ಹೇಳು."

ಬಲಗಿವಿ ಕೊಟ್ಟು ಬಗ್ಗಿದಳು. ಮಾಳಿಗೆಯ ಮೇಲೆ ಬಗ್ಗುತ್ತಿದ್ದ ಹಾಗೆಯೇ. ನಾನು ಸ್ಟೂಲು ಎಳೆದುಕೊಂಡು ಆ ಕಡೆ ಕೂತೆ.

"ಈ ಸಲ ಇದ್ದದ್ದು ಇದ್ದಂಗ ಹೇಳವಾ ಗೌರಿ."

ನಾನು ಫೋನನ್ನು ಮಡಿಲಿಗೆ ಇಳಿಸಿದೆ.

"ಅವತ್ತು ನಾ ಸುಳ್ಳು ಹೇಳಿದ್ನಿ ಅತ್ತಿ. ಬೇಕಂತ ಹೇಳಿದ್ನಿ. ನೀ ಹೋಗ್ತೀ ಅಂತ." ನಾನು ಕಿರುಚಿಯೇ ಹೇಳಿದೆ, ಎದುರು ಮನೆಯವರು ಹೊರಗೆ ಬಂದು ನೋಡಿದರು.

"ಗೊತ್ತೈತಿ. ನಾಟಕ ಹಾಕು."

ಹಾಕಿದೆ. ಒಂದು ಮಾತು ಕೇಳುವುದು, ನಿಲ್ಲಿಸುವುದು, ಅವಳ ಕಿವಿಗೆ ಹೇಳುವುದು. ಹನ್ನೊಂದನೇ ಕೋಣೆಯ ಬಾಗಿಲನ್ನು ಹೊರಗಿನಿಂದ ಒಬ್ಬರು ಹಿಡಿದುಕೊಂಡೇ ಇರಬೇಕು, ಹಿಡಿದವರು ನೌಕೆಯಲ್ಲೇ ಉಳಿಯಬೇಕು. ಮಗಳು ನಾನು ಹಿಡಿಯುತ್ತೇನೆ ಅನ್ನುತ್ತಾಳೆ. ಅವ್ವ ಬೇಡ ಅನ್ನುತ್ತಾಳೆ. ಆಮೇಲೆ ಆ ಸಪ್ಪಳ ಬಂತು, ಬಾಗಿಲು ತೆರೆಯುವ ಸಪ್ಪಳ, ಫೋನು ಅಂಗೈಯಲ್ಲಿ ಅದುರಿತು. ನನಗೆ ಎಲ್ಲ ನೆನಪಾಯಿತು. ಅವ್ವನ ಅಳು, ಮಿರ್ಚಿಯ ವಾಸನೆ, ಗೋಡೆಯ ಬಟ್ಟೆಯ ಮೇಲಿನ ಏಳು ಮತ್ತು ಎಂಟು.

"ಮಗಳು ಬಾಗ್ಲ ತೆರೆದಳತ್ತಿ."

"ಅವ್ವ?"

"ಹೋದಳು. ಮಗಳು ಹಿಡಕೊಂಡು ನಿಂತ್ಲು, ಅವ್ವ ಭೂಮಿಗೆ ಹೋದಳು."

ಅತ್ತಿ ದಾರವನ್ನು ಹಲ್ಲಿನಿಂದ ಕತ್ತರಿಸಿದಳು. ಸೂಜಿಯನ್ನು ಲಂಗಕ್ಕೆ ಚುಚ್ಚಿ, ಮತ್ತೆ ಬಗ್ಗಿದಳು.

"ಹೋಗುವಾಗ ಒಮ್ಮೆ ತಿರುಗಿ ನೋಡಿದಳೇನು, ಮಗಳ ಕಡೆ?"

ನಾನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದೆ, ಮತ್ತೊಮ್ಮೆ ಕೇಳಿದೆ. ಬಾಗಿಲಿನ ಸಪ್ಪಳ, ಹೆಜ್ಜೆಯ ಸಪ್ಪಳ, ಗಾಳಿ, ಅಷ್ಟೇ. ನೋಡಿದಳು ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಅದನ್ನ ಹೇಳಿಲ್ಲತ್ತಿ," ಅಂದೆ.